ಬಿಟ್ಟು ಹೋಗಲು ಯಾರಿಗೆ ಎಷ್ಟು ದಿನ ಬೇಕು?

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್ ಇದೆ. ಅಪ್ಪ ಒಂದೇ ಲೇತ್ ಇಟ್ಟುಕೊಂಡು ಶುರು ಮಾಡಿದ್ದು. ಈಗ ಮೂರು ಸಿಎನ್‌ಸಿ, ಎರಡು ವಿಎಂಸಿ ಅಂತ ಕಂಪ್ಯೂಟರ್‌ನಿಂದ ಓಡುವ ಐದು ಮೆಷಿನ್, ಹನ್ನೊಂದು ಜನ ಕೆಲಸಗಾರರಿದ್ದಾರೆ. ವರ್ಷಕ್ಕೆ ಸುಮಾರು 2 ಕೋಟಿ ವಹಿವಾಟು. ಅದರಲ್ಲಿ 80% ಒಂದೇ ಕಂಪನಿಯದು, ಎಣ್ಣೆಯ ಒತ್ತಡದಿಂದ ಓಡುವ ಯಂತ್ರಗಳ ಹೈಡ್ರಾಲಿಕ್ ಭಾಗಗಳು. ಮೊದಲು 45 ದಿನಕ್ಕೆ ದುಡ್ಡು ಬರುತ್ತಿತ್ತು. ಈಗ 90 ದಿನವಾಗುತ್ತಿದೆ. ಈ ವರ್ಷ 5% ದರ ಇಳಿಸಿ, ಇಲ್ಲದಿದ್ದರೆ ಬೇರೆಯವರು ರೆಡಿ ಇದ್ದಾರೆ ಅಂತ ಮೇಲ್ ಬಂದಿದೆ. ದೂರು ಕೊಟ್ಟರೆ ಆರ್ಡರ್ ನಿಲ್ಲುತ್ತದೆ. ಕೊಡದಿದ್ದರೆ ನಾವೇ ನಿಲ್ಲುವ ಹಾಗಿದೆ. ನಮ್ಮಂಥ ಚಿಕ್ಕವರ ಕೈಯಲ್ಲಿ ಬಲ ಅನ್ನುವುದು ಏನಾದರೂ ಇದೆಯಾ ಸರ್?

ಉತ್ತರ: ಇದೆ. ಎಲ್ಲಿದೆ, ಎಷ್ಟಿದೆ ಅಂತ ನೀವು ಇನ್ನೂ ಅಳೆದು ನೋಡಿಲ್ಲ, ಅಷ್ಟೇ.

ಇದನ್ನು ನಾನು ಮೇಜಿನ ಆ ಕಡೆ ಕೂತು ಕಲಿತೆ. ಈಗ ಚಿಕ್ಕ ಯೂನಿಟ್‌ಗಳಿಗೆ ಸಲಹೆ ಕೊಡುತ್ತೇನೆ. ಅದಕ್ಕೂ ಮೊದಲು ಹಲವು ವರ್ಷ ಒಂದು ದೊಡ್ಡ ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿದ್ದೆ. ತಿಂಗಳ ಕೊನೆಗೆ ಅಕೌಂಟ್ಸ್‌ನವರು ಬರುತ್ತಿದ್ದರು. ಕೈಯಲ್ಲಿ ಇಷ್ಟಿದೆ, ಕೊಡಬೇಕಾದ್ದು ಇದಕ್ಕಿಂತ ಜಾಸ್ತಿ ಇದೆ, ಯಾರನ್ನು ತಡೆಯೋಣ ಹೇಳಿ ಅನ್ನುತ್ತಿದ್ದರು. ವೆಂಡರ್‌ಗಳ ಪಟ್ಟಿ ನನ್ನ ಮುಂದೆ ಇರುತ್ತಿತ್ತು. ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ನಾನು ನೋಡುತ್ತಲೇ ಇರಲಿಲ್ಲ. ಯಾರ ಮಾಲು ನಾಳೆ ಬರದಿದ್ದರೆ ಲೈನ್ ನಿಲ್ಲುತ್ತದೆ ಅಂತ ಮಾತ್ರ ನೋಡುತ್ತಿದ್ದೆ. ಇಬ್ಬರೇ ಹುಡುಗರನ್ನು ಇಟ್ಟುಕೊಂಡು ವಾಲ್ವ್ ಸೀಟುಗಳಿಗೆ ಲ್ಯಾಪಿಂಗ್ ಮಾಡುವ, ಅಂದರೆ ಉಜ್ಜಿ ನುಣುಪು ಮಾಡುವ ಒಬ್ಬರಿದ್ದರು. ಅವರ ಬಿಲ್ ಒಂದು ದಿನವೂ ತಡವಾಗಲಿಲ್ಲ. ಅದೇ ಪಟ್ಟಿಯಲ್ಲಿ ನೂರು ಜನ ಕೆಲಸ ಮಾಡುವ ಫ್ಯಾಬ್ರಿಕೇಶನ್ ಯೂನಿಟ್ ಇತ್ತು. ಅವರ ಬಿಲ್ ಮೂರು ತಿಂಗಳು ಕಾಯುತ್ತಿತ್ತು. ಆ ಕೆಲಸ ಮಾಡುವವರು ಅದೇ ರಸ್ತೆಯಲ್ಲಿ ಇನ್ನೂ ಆರು ಜನ ಇದ್ದರು. ಆ ಫ್ಯಾಬ್ರಿಕೇಶನ್ ಯೂನಿಟ್ ಮಾಲೀಕರ ಹೆಸರಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿದ್ದು ನಾನೇ. ಅವರ ಮನೆಯಲ್ಲಿ ಆ ತಿಂಗಳು ಏನಾಯಿತು ಅಂತ ಆಗ ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ. ಈ ಉತ್ತರ ಉದ್ದವಾಗಲು ಅದೂ ಒಂದು ಕಾರಣ.

ರಿಚರ್ಡ್ ಎಮರ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1962ರಲ್ಲಿ ಒಂದು ಸರಳ ಮಾತು ಹೇಳಿದ. ನನ್ನ ಮೇಲೆ ನಿಮಗಿರುವ ಬಲ ಅಂದರೆ ನಾನು ನಿಮ್ಮನ್ನು ಎಷ್ಟು ನೆಚ್ಚಿಕೊಂಡಿದ್ದೇನೆ ಅನ್ನುವುದು. ನಿಮ್ಮ ಹತ್ತಿರ ಇರುವುದು ನನಗೆ ಎಷ್ಟು ಬೇಕು, ಅದು ಬೇರೆ ಕಡೆ ಎಷ್ಟು ಸುಲಭವಾಗಿ ಸಿಗುತ್ತದೆ, ಇವೆರಡೇ ಲೆಕ್ಕ. ಪೀಣ್ಯದ ಭಾಷೆಯಲ್ಲಿ ನಾನು ಇದನ್ನು ದಿನಗಳಲ್ಲಿ ಕೇಳುತ್ತೇನೆ. ಅವರು ನಿಮ್ಮನ್ನು ಬಿಟ್ಟು ಬೇರೆಯವರಿಂದ ಅದೇ ಭಾಗ ತರಿಸಿಕೊಳ್ಳಲು ಎಷ್ಟು ದಿನ ಬೇಕು? ನೀವು ಅವರನ್ನು ಬಿಟ್ಟು ಅದೇ ಮೆಷಿನ್‌ಗಳನ್ನು ತುಂಬಿಸಲು ಎಷ್ಟು ದಿನ ಬೇಕು? ಯಾರಿಗೆ ಕಡಿಮೆ ದಿನ ಸಾಕೋ ಅವರ ಕೈ ಮೇಲಾಗುತ್ತದೆ.

ಕಬ್ಬು ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬು ಹೊಲದಲ್ಲಿ ನಿಂತಿರುವವರೆಗೆ ರೈತನಿಗೆ ಸ್ವಲ್ಪ ಮಾತಿದೆ. ಕಡಿದು ಗಾಡಿಗೆ ಹಾಕಿದ ಮೇಲೆ ಗಂಟೆಗಂಟೆಗೂ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಕಾರ್ಖಾನೆ ಕಾಯಬಹುದು, ಕಬ್ಬು ಕಾಯುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ. ಕಾಗದದಲ್ಲಿ ಇಷ್ಟು ಗಟ್ಟಿ ಇದ್ದರೂ ಮಂಡ್ಯ, ಬೆಳಗಾವಿ ಕಡೆ ಬಾಕಿಗಾಗಿ ರೈತರು ರಸ್ತೆಗೆ ಇಳಿಯುವುದು ನಿಂತಿಲ್ಲ. ಹಾಲಿನ ಕತೆ ಬೇರೆ ದಾರಿ ಹಿಡಿಯಿತು. ಹಾಲು ಕಬ್ಬಿಗಿಂತಲೂ ಬೇಗ ಕೆಡುತ್ತದೆ. ಗುಜರಾತಿನ ಖೇಡಾದಲ್ಲಿ 1946ರಲ್ಲಿ ರೈತರು ಖಾಸಗಿ ಡೇರಿಗೆ ಹಾಲು ಹಾಕುವುದನ್ನು ನಿಲ್ಲಿಸಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ತಂಪು ಮಾಡುವುದು, ಸಾಗಿಸುವುದು, ಮಾರುವುದು ಎಲ್ಲ ಸಂಘದ ಕೈಗೆ ಬಂತು. ಆಗ ಕಾಯುವ ಶಕ್ತಿಯೂ ರೈತರ ಕೈಗೆ ಬಂತು. ನಮ್ಮ ನಂದಿನಿಯೂ ಅದೇ ದಾರಿಯಲ್ಲಿ ಬೆಳೆದದ್ದು.

ಈಗ ನಿಮ್ಮ ಶಾಪಿಗೆ ಬರೋಣ. ನಿಮ್ಮ ಒಂದು ಪಾರ್ಟ್ ನಂಬರ್ ತೆಗೆದುಕೊಳ್ಳಿ. ಅದನ್ನು ಬೇರೆಯವರಿಗೆ ಕೊಡಬೇಕಾದರೆ ಕಂಪನಿ ಏನೇನು ಮಾಡಬೇಕು? ಡ್ರಾಯಿಂಗ್ ಕಳಿಸಬೇಕು. ಕೊಟೇಶನ್ ತರಿಸಬೇಕು. ಭಾಗವನ್ನು ಹಿಡಿದಿಡುವ ಫಿಕ್ಚರ್, ಅಳತೆಗೆ ಗೇಜ್ ಮಾಡಿಸಬೇಕು. ಸ್ಯಾಂಪಲ್ ಬರಬೇಕು, ಕ್ವಾಲಿಟಿಯವರು ಅಳೆಯಬೇಕು, ಜೋಡಿಸಿ ಟೆಸ್ಟ್ ರಿಗ್ ಮೇಲೆ ಓಡಿಸಬೇಕು. ಟೊಳ್ಳು ಉರುಳೆಯಂಥ ಒಂದು ಸಾದಾ ಬುಷ್ ಆದರೆ ಇದೆಲ್ಲ ಒಂದು ವಾರದ ಕೆಲಸ. ಒಳಗೆ ಅಡ್ಡ ತೂತುಗಳು ಕೂಡುವ, ಕೊರೆದಾಗ ಏಳುವ ಲೋಹದ ಅಂಚು, ಅಂದರೆ ಬರ್, ಒಂದು ಚೂರು ಉಳಿದರೂ ಎಣ್ಣೆ ಸೋರುವ ವಾಲ್ವ್ ಬಾಡಿ ಆದರೆ ಎರಡು ಮೂರು ತಿಂಗಳು. ಅವರ ಕಂಪನಿಯ ಗಿರಾಕಿಯೂ ಹೊಸ ವೆಂಡರ್‌ಗೆ ಒಪ್ಪಿಗೆ ಕೊಡಬೇಕು ಅಂತಿದ್ದರೆ ಇನ್ನೂ ಜಾಸ್ತಿ. ಒಂದು ಹಾಳೆಯಲ್ಲಿ ನಿಮ್ಮ ಎಲ್ಲಾ ಪಾರ್ಟ್ ನಂಬರ್ ಬರೆದು, ಪ್ರತಿಯೊಂದರ ಮುಂದೆ ಈ ದಿನಗಳನ್ನು ಬರೆಯಿರಿ. ಪಕ್ಕದಲ್ಲಿ ಈಗ ಅದನ್ನು ಅವರಿಗೆ ಬೇರೆ ಯಾರಾದರೂ ಕೊಡುತ್ತಿದ್ದಾರಾ, ನೀವೊಬ್ಬರೇನಾ ಅಂತಲೂ ಬರೆಯಿರಿ. ಹೈಡ್ರಾಲಿಕ್ ಕೆಲಸ ಮಾಡುವ ಹೆಚ್ಚಿನವರ ಪಟ್ಟಿಯಲ್ಲಿ ಮುಕ್ಕಾಲು ಪಾಲು ಬುಷ್‌ನಂಥವೇ ಇರುತ್ತವೆ, ಮೂರೋ ನಾಲ್ಕೋ ವಾಲ್ವ್ ಬಾಡಿಯಂಥವು ಇರುತ್ತವೆ. ಆ ಮೂರು ನಾಲ್ಕರಲ್ಲೇ ನಿಮ್ಮ ಮಾತಿರುವುದು.

ಪರ್ಚೇಸ್‌ನವರು ಈ ಲೆಕ್ಕವನ್ನು ಮಾಡಿಯೇ ನಿಮ್ಮ ಎದುರು ಕೂರುತ್ತಾರೆ. 1983ರಲ್ಲಿ ಪೀಟರ್ ಕ್ರಾಲ್ಜಿಕ್ ಎಂಬ ಸಲಹೆಗಾರ ಒಂದು ನಾಲ್ಕು ಮನೆಯ ಚೌಕ ಹಾಕಿಕೊಟ್ಟ. ಖರೀದಿ ವಿಷಯ ಓದಿದವರಿಗೆಲ್ಲ ಅದು ಗೊತ್ತು. ಈ ವಸ್ತುವಿನಿಂದ ನಮ್ಮ ಲಾಭಕ್ಕೆ ಎಷ್ಟು ಪೆಟ್ಟು, ಇದು ಸಿಗದೇ ಹೋಗುವ ಅಪಾಯ ಎಷ್ಟು, ಅಂತ ಎರಡು ಕಡೆಯಿಂದ ಅಳೆದು ಪ್ರತಿ ವಸ್ತುವನ್ನೂ ಒಂದು ಮನೆಯಲ್ಲಿ ಇಡುತ್ತಾರೆ. ದುಡ್ಡು ಜಾಸ್ತಿ, ಅಪಾಯ ಕಡಿಮೆ ಇರುವ ಮನೆಯಲ್ಲಿದ್ದರೆ ನಿಮ್ಮನ್ನು ಹಿಂಡುತ್ತಾರೆ. ದುಡ್ಡು ಕಡಿಮೆ, ಅಪಾಯ ಜಾಸ್ತಿ ಇರುವ ಮನೆಯಲ್ಲಿದ್ದರೆ ನಿಮ್ಮನ್ನು ಮುಟ್ಟಲು ಹೋಗುವುದಿಲ್ಲ. ನನ್ನ ಪಟ್ಟಿಯಲ್ಲಿದ್ದ ಲ್ಯಾಪಿಂಗ್‌ನವರು ಈ ಎರಡನೇ ಮನೆಯವರು.

ಚಿಕ್ಕ ವಸ್ತು ದೊಡ್ಡ ಕಂಪನಿಯನ್ನು ಹೇಗೆ ನಿಲ್ಲಿಸುತ್ತದೆ ಅನ್ನುವುದಕ್ಕೆ ಜಪಾನಿನ ಒಂದು ಘಟನೆ ನೋಡಿ. 1997ರ ಫೆಬ್ರುವರಿ 1ರ ಬೆಳಗಿನ ಜಾವ ಕಾರಿಯಾ ಊರಿನಲ್ಲಿ ಐಸಿನ್ ಕಂಪನಿಯ ಒಂದು ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಬ್ರೇಕಿಗೆ ಹಾಕುವ ಪಿ-ವಾಲ್ವ್, ಅಂಗೈಯಲ್ಲಿ ಹಿಡಿಸುವ ಭಾಗ. ಟೊಯೋಟಾಕ್ಕೆ ಬೇಕಾದ ಪಿ-ವಾಲ್ವ್‌ಗಳು ಹೆಚ್ಚುಕಡಿಮೆ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ದಾಸ್ತಾನು ಇಟ್ಟುಕೊಳ್ಳುವ ಪದ್ಧತಿಯೇ ಅವರಲ್ಲಿ ಇರಲಿಲ್ಲ, ಕೈಯಲ್ಲಿದ್ದದ್ದು ಕೆಲವೇ ಗಂಟೆಗಳಿಗೆ ಸಾಲುವಷ್ಟು. ಕೆಲವೇ ದಿನಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳು ಹೆಚ್ಚುಕಡಿಮೆ ಎಲ್ಲವೂ ನಿಂತವು. ಆಮೇಲೆ ನಡೆದದ್ದು ಇನ್ನೂ ದೊಡ್ಡ ವಿಷಯ. ಸುಮಾರು 200 ಕಂಪನಿಗಳು ಡ್ರಾಯಿಂಗ್ ತರಿಸಿಕೊಂಡು, ತಮ್ಮ ಮೆಷಿನ್‌ಗಳಲ್ಲಿ ಆ ವಾಲ್ವ್ ಮಾಡಲು ನಿಂತವು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿಯೂ ಮಾಡಿಕೊಟ್ಟಿತು. ದರ ಎಷ್ಟು, ದುಡ್ಡು ಯಾವಾಗ ಅಂತ ಚೌಕಾಸಿ ಮಾಡುತ್ತ ಯಾರೂ ಕೂರಲಿಲ್ಲ. ಒಂದು ವಾರದ ಸುಮಾರಿಗೆ ಲೈನ್‌ಗಳು ಮತ್ತೆ ಓಡತೊಡಗಿದವು. ಆಮೇಲೆ ಟೊಯೋಟಾ ತನ್ನ ಮೊದಲ ಹಂತದ ಪೂರೈಕೆದಾರರಿಗೆ ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಅವರು ತನಗೆ ಮಾಡಿದ ಮಾರಾಟದ 1%ರಷ್ಟು ಹಣವನ್ನು ಕೃತಜ್ಞತೆಯಾಗಿ ಕೊಟ್ಟಿತು. ಟೊಯೋಟಾ ದರ ಇಳಿಸಿ ಅಂತ ಕೇಳುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೆ ಕೇಳುವಾಗ ತನ್ನ ಎಂಜಿನಿಯರ್‌ನನ್ನು ಪೂರೈಕೆದಾರರ ಶಾಪಿಗೆ ಕಳಿಸಿ, ಎಲ್ಲಿ ಉಳಿಸಬಹುದು ಅಂತ ಜೊತೆಗೆ ನಿಂತು ನೋಡುತ್ತದೆ. ಆ ವಿಶ್ವಾಸ ಬೆಂಕಿ ಬಿದ್ದ ದಿನ ಕೆಲಸಕ್ಕೆ ಬಂತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೆಯದೇ ನಡೆದಿತ್ತು. 1992ರಲ್ಲಿ ಜನರಲ್ ಮೋಟರ್ಸ್‌ನ ಖರೀದಿ ಮುಖ್ಯಸ್ಥನಾಗಿ ಬಂದ ಹೊಸೆ ಇಗ್ನಾಸಿಯೊ ಲೋಪೆಸ್ ಇದ್ದ ಒಪ್ಪಂದಗಳನ್ನೇ ಮತ್ತೆ ಬಿಡ್ಡಿಗೆ ಹಾಕಿದ. ಹತ್ತು, ಇಪ್ಪತ್ತು ಪರ್ಸೆಂಟ್ ಇಳಿಸಿ ಎಂದ. ಕಂಪನಿಗೆ ಕೋಟಿಗಟ್ಟಲೆ ಉಳಿಯಿತು. ಒಬ್ಬರು ಕಷ್ಟಪಟ್ಟು ಮಾಡಿದ ವಿನ್ಯಾಸವನ್ನು ಇನ್ನೊಬ್ಬರಿಗೆ ತೋರಿಸಿ ಕಡಿಮೆ ದರ ಕೇಳುತ್ತಾರೆ ಅಂತ ಪೂರೈಕೆದಾರರು ದೂರಿದರು. ಮುಂದೆ ಅವರಲ್ಲಿ ಹಲವರು ತಮ್ಮ ಒಳ್ಳೆಯ ಹೊಸ ಕೆಲಸವನ್ನು ಮೊದಲು ಬೇರೆ ಕಾರು ಕಂಪನಿಗಳಿಗೆ ತೋರಿಸತೊಡಗಿದರು. ಮರುವರ್ಷವೇ ಲೋಪೆಸ್ ಫೋಕ್ಸ್‌ವ್ಯಾಗನ್‌ಗೆ ಹೋದ. ಕಳೆದುಹೋದ ನಂಬಿಕೆ ಕಂಪನಿಯ ಪಾಲಿಗೆ ಉಳಿಯಿತು.

ಇನ್ನೊಂದು ಉದಾಹರಣೆ ನಿಮ್ಮ ಆ 80% ನೋಡಿದಾಗ ನೆನಪಾಯಿತು. ಇಂಗ್ಲೆಂಡಿನ ಇಮ್ಯಾಜಿನೇಶನ್ ಟೆಕ್ನಾಲಜೀಸ್ ಐಫೋನ್‌ಗೆ ಗ್ರಾಫಿಕ್ಸ್ ಚಿಪ್ಪಿನ ವಿನ್ಯಾಸ ಕೊಡುತ್ತಿತ್ತು. ಸಾಮಾನ್ಯರು ಮಾಡುವ ಕೆಲಸವಲ್ಲ ಅದು. ಅದರ ಆದಾಯದ ಅರ್ಧದಷ್ಟು ಆಪಲ್‌ನಿಂದಲೇ ಬರುತ್ತಿತ್ತು. ಇನ್ನು ಎರಡು ವರ್ಷದೊಳಗೆ ನಿಮ್ಮ ವಿನ್ಯಾಸ ನಮಗೆ ಬೇಡ ಅಂತ ಆಪಲ್ ಹೇಳಿದ್ದು 2017ರ ಏಪ್ರಿಲ್‌ನಲ್ಲಿ ಹೊರಬಿತ್ತು. ಅವತ್ತು ಒಂದೇ ದಿನ ಅದರ ಷೇರು ಬೆಲೆ 60%ಕ್ಕಿಂತ ಜಾಸ್ತಿ ಕುಸಿಯಿತು. ಅದೇ ವರ್ಷ ಕಂಪನಿ ಮಾರಾಟವಾಯಿತು. ಕೈಯಲ್ಲಿ ಅಂಥ ವಿದ್ಯೆ ಇದ್ದರೂ ಅರ್ಧ ಆದಾಯ ಒಬ್ಬನೇ ಗಿರಾಕಿಯ ಕೈಯಲ್ಲಿತ್ತು. ನಿಮ್ಮ ವಾಲ್ವ್ ಬಾಡಿ ಎಷ್ಟೇ ಚೆನ್ನಾಗಿರಲಿ, 80% ಅನ್ನುವುದು ಆ ಬಲವನ್ನು ತಿಂದುಹಾಕುತ್ತದೆ.

ಈಗ ದುಡ್ಡಿನ ಲೆಕ್ಕ. ವರ್ಷಕ್ಕೆ 1 ಕೋಟಿ 60 ಲಕ್ಷ ಆ ಕಂಪನಿಯದು. 90 ದಿನಕ್ಕೆ ದುಡ್ಡು ಬಂದರೆ ಯಾವಾಗಲೂ ಸುಮಾರು 40 ಲಕ್ಷ ನಿಮ್ಮದು ಅವರ ಹತ್ತಿರ ಇರುತ್ತದೆ. 45 ದಿನಕ್ಕೆ ಬಂದಿದ್ದರೆ 20 ಲಕ್ಷ. ಜಾಸ್ತಿಯಾದ ಆ 20 ಲಕ್ಷಕ್ಕೆ ನೀವು ಬ್ಯಾಂಕಿಗೆ 11% ಬಡ್ಡಿ ಕಟ್ಟುತ್ತೀರಿ ಅಂದುಕೊಳ್ಳೋಣ. ವರ್ಷಕ್ಕೆ 2 ಲಕ್ಷ 20 ಸಾವಿರ ಆಯಿತು. ಅಂದರೆ ಯಾರೂ ಕೇಳದೆ, ಯಾರೂ ಸಹಿ ಹಾಕದೆ, ನೀವು ಆಗಲೇ 1.4% ದರ ಇಳಿಸಿಕೊಟ್ಟಿದ್ದೀರಿ. ಅದರ ಮೇಲೆ ಜಿಎಸ್‌ಟಿ ಬೇರೆ. ದುಡ್ಡು ಬರಲಿ ಬಿಡಲಿ, ಬಿಲ್ ಮಾಡಿದ ಮುಂದಿನ ತಿಂಗಳು ತೆರಿಗೆ ಕಟ್ಟಲೇಬೇಕು. ಅವರ ಪಾಲಿನ ತೆರಿಗೆಯನ್ನು ನೀವು ಎರಡು ತಿಂಗಳು ಕೈಯಿಂದ ಹಾಕಿರುತ್ತೀರಿ. ಐದು ಪರ್ಸೆಂಟಿನ ಮಾತಿಗೆ ಕೂರುವಾಗ ಈ ಹಾಳೆ ನಿಮ್ಮ ಮುಂದೆ ಇರಬೇಕು.

ಕಾನೂನು ನಿಮ್ಮ ಕಡೆ ಇದೆ. ಎಷ್ಟು ಇದೆ, ಎಲ್ಲಿ ಸೋರುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ 2006ರ ಕಾಯ್ದೆ (ಎಂಎಸ್‌ಎಂಇ ಕಾಯ್ದೆ) ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಬರವಣಿಗೆಯಲ್ಲಿ ಒಪ್ಪಿಕೊಂಡ ದಿನದೊಳಗೆ ದುಡ್ಡು ಕೊಡಬೇಕು. ಆ ಒಪ್ಪಂದ ಏನೇ ಇದ್ದರೂ 45 ದಿನ ದಾಟುವ ಹಾಗಿಲ್ಲ. ಪಿಒದಲ್ಲಿ, ಅಂದರೆ ಅವರ ಖರೀದಿ ಆದೇಶದಲ್ಲಿ, 90 ದಿನ ಅಂತ ಅಚ್ಚು ಹಾಕಿ ನಿಮ್ಮ ಸಹಿ ತೆಗೆದುಕೊಂಡಿದ್ದರೂ ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಿನ ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಆ ಬಡ್ಡಿಯನ್ನು ಅವರು ಖರ್ಚು ಅಂತ ತೆರಿಗೆಯಲ್ಲಿ ತೋರಿಸುವ ಹಾಗೂ ಇಲ್ಲ.

ಮಾಲು ಕೊಟ್ಟು ಎರಡು ತಿಂಗಳಾದ ಮೇಲೆ ರಿಜೆಕ್ಷನ್ ಅಂತ ದುಡ್ಡು ಕಡಿತದ ಡೆಬಿಟ್ ನೋಟ್ ಬರುತ್ತದಲ್ಲ, ಅದಕ್ಕೂ ಈ ಕಾಯ್ದೆಯಲ್ಲಿ ಒಂದು ಮಾತಿದೆ. ತಕರಾರಿದ್ದರೆ ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು. ಹೇಳದಿದ್ದರೆ ದುಡ್ಡಿನ ದಿನ ಎಣಿಸುವಾಗ ಮಾಲು ತಲುಪಿದ ದಿನವೇ ಒಪ್ಪಿಕೊಂಡ ದಿನ. ಹಾಗಾಗಿ ಡೆಲಿವರಿ ಚಲನ್ (ಡಿಸಿ) ಮೇಲೆ ಗೇಟಿನ ಸೀಲು, ತಾರೀಕು ಇಲ್ಲದೆ ನಿಮ್ಮ ಡ್ರೈವರ್ ವಾಪಸ್ ಬರಬಾರದು. ಮಾಲು ಸ್ವೀಕರಿಸಿದ್ದಕ್ಕೆ ಅವರು ಕೊಡುವ ರಸೀದಿಯ (ಜಿಆರ್‌ಎನ್) ನಂಬರ್ ಮೇಲ್‌ನಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಅದೇ ದಿನ ಎರಡು ಸಾಲು ಮೇಲ್ ಮಾಡಿ. ಇದು ಜಗಳದ ತಯಾರಿ ಅಲ್ಲ, ಶಾಪ್ ನಡೆಸುವ ಶಿಸ್ತು.

ಈ ಕಾಯ್ದೆಯಡಿ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಗಿದೆಯಾ ಅಂತ ನೀವು ಬರೆದಿಲ್ಲ. ಆಗಿರದಿದ್ದರೆ ಇವತ್ತೇ ಮಾಡಿಸಿ. ಅದಕ್ಕೆ ಶುಲ್ಕವಿಲ್ಲ. ನೋಂದಣಿಗೂ ಮೊದಲಿನ ಬಿಲ್‌ಗಳಿಗೆ ಈ ರಕ್ಷಣೆ ಸಿಗುತ್ತದಾ ಅನ್ನುವುದು ಕೋರ್ಟಿನಲ್ಲಿ ದೊಡ್ಡ ವಾದವಾಗಿಬಿಡುತ್ತದೆ, ಆ ವಾದಕ್ಕೆ ಜಾಗವೇ ಕೊಡಬೇಡಿ. 2025ರ ಏಪ್ರಿಲ್‌ನಿಂದ ಮಿತಿ ಏರಿದೆ. ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿವರೆಗೆ ಇದ್ದರೆ ಸೂಕ್ಷ್ಮ ಉದ್ಯಮ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಅದೇ.

ಈಗ ನಿಮಗೆ ಮುಖ್ಯವಾದ ಮಾತು. ಆದಾಯ ತೆರಿಗೆಯಲ್ಲಿ 2023ರ ಬಜೆಟ್ ಒಂದು ನಿಯಮ ಸೇರಿಸಿತು. ಎಲ್ಲರೂ 43ಬಿ(ಎಚ್) ಅಂತ ಕರೆಯುತ್ತಾರೆ. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಮೇಲೆ ಹೇಳಿದ ದಿನದೊಳಗೆ ದುಡ್ಡು ಕೊಡದಿದ್ದರೆ, ಆ ಖರೀದಿಯನ್ನು ನಿಜವಾಗಿ ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ಅಂದರೆ ದಿನ ಮೀರಿದ ನಿಮ್ಮ ಬಾಕಿ ಮಾರ್ಚ್ 31 ದಾಟಿದರೆ ಅವರ ಆ ವರ್ಷದ ತೆರಿಗೆ ಜಾಸ್ತಿಯಾಗುತ್ತದೆ. ಈ ನಿಯಮದಿಂದ ಕಂಪನಿಯೊಳಗೆ ನಿಮ್ಮ ಪರವಾಗಿ ಒಬ್ಬರು ಹುಟ್ಟಿಕೊಂಡರು. ಅವರು ಪರ್ಚೇಸ್‌ನವರಲ್ಲ, ಅಕೌಂಟ್ಸ್‌ನವರು. ಬ್ಯಾಲೆನ್ಸ್ ಶೀಟಿನಲ್ಲಿ ಇಂಥ ಬಾಕಿಯನ್ನು ಬೇರೆಯಾಗಿ ತೋರಿಸಬೇಕು, 45 ದಿನ ಮೀರಿದ್ದನ್ನು ಆರು ತಿಂಗಳಿಗೊಮ್ಮೆ ಸರ್ಕಾರಕ್ಕೆ ತಿಳಿಸಬೇಕು ಅಂತಲೂ ಕಂಪನಿಗಳಿಗೆ ನಿಯಮವಿದೆ. ಆದ್ದರಿಂದ ಉದ್ಯಮ್ ಪ್ರಮಾಣಪತ್ರವನ್ನು ಪರ್ಚೇಸ್‌ಗೆ ಕೊಟ್ಟು ಸುಮ್ಮನಾಗಬೇಡಿ. ಅಕೌಂಟ್ಸ್‌ಗೆ ಮೇಲ್ ಮಾಡಿ. ಪ್ರತಿ ಇನ್‌ವಾಯ್ಸ್ ಮೇಲೆ ಆ ನಂಬರ್ ಮತ್ತು 'ಸೂಕ್ಷ್ಮ ಉದ್ಯಮ, ತಯಾರಿಕೆ' ಅಂತ ಅಚ್ಚು ಹಾಕಿ. ಫೆಬ್ರುವರಿಯಲ್ಲಿ ಬಾಕಿಯ ಪಟ್ಟಿಯನ್ನು ಖಾತೆ ಹೊಂದಾಣಿಕೆಗೆ ಅಂತ ಕಳಿಸಿ, ಒಪ್ಪಿಗೆ ಕೇಳಿ. ಇದರಲ್ಲಿ ದೂರು ಅನ್ನುವ ಪದವೇ ಇಲ್ಲ. ಪ್ರತಿ ವರ್ಷವೂ ಎಲ್ಲರೂ ಕೇಳುವ ಮಾಮೂಲಿ ಕಾಗದ. ಆದರೆ ಅವರ ಆಡಿಟರ್ ಅದನ್ನು ನೋಡುತ್ತಾರೆ.

ಸೋರುವ ಜಾಗ ಯಾವುದು ಅಂದರೆ, ಈ ರಕ್ಷಣೆ ಮಧ್ಯಮ ಉದ್ಯಮಕ್ಕಿಲ್ಲ, ವ್ಯಾಪಾರ ಮಾತ್ರ ಮಾಡುವವರಿಗಿಲ್ಲ. ನಿಯಮ ಬಂದಾಗ ಕೆಲವು ಕಡೆ ಖರೀದಿದಾರರು ನೋಂದಣಿ ಇಲ್ಲದವರ ಕಡೆಗೋ, ಸ್ವಲ್ಪ ದೊಡ್ಡವರ ಕಡೆಗೋ ವಾಲುತ್ತಾರೆ ಎಂಬ ಭಯ ಸಣ್ಣ ಕೈಗಾರಿಕೆಗಳಲ್ಲೇ ಎದ್ದಿತ್ತು. ಆ ಭಯ ಸುಳ್ಳಲ್ಲ. ಬುಷ್ ಮಾಡುವವನನ್ನು ಬದಲಿಸಲು ಒಂದು ವಾರ ಸಾಕು. ವಾಲ್ವ್ ಬಾಡಿ ಮಾಡುವವನನ್ನು ತೆರಿಗೆ ನಿಯಮಕ್ಕಾಗಿ ಯಾರೂ ಬದಲಿಸುವುದಿಲ್ಲ. ಕಾನೂನೂ ಕೊನೆಗೆ ಆ ದಿನಗಳ ಲೆಕ್ಕದ ಮೇಲೆಯೇ ನಿಲ್ಲುತ್ತದೆ.

ಟ್ರೆಡ್ಸ್ ಬಗ್ಗೆಯೂ ಕೇಳಿರುತ್ತೀರಿ. ರಿಸರ್ವ್ ಬ್ಯಾಂಕಿನ ಒಪ್ಪಿಗೆಯಿಂದ 2017ರಲ್ಲಿ ಶುರುವಾದ ವ್ಯವಸ್ಥೆ. ನಿಮ್ಮ ಬಿಲ್ಲನ್ನು ಕಂಪನಿ ಆನ್‌ಲೈನ್‌ನಲ್ಲಿ ಒಪ್ಪಿಕೊಂಡರೆ ಬ್ಯಾಂಕುಗಳು ಅದಕ್ಕೆ ಬಿಡ್ ಮಾಡಿ, ಬಡ್ಡಿ ಹಿಡಿದುಕೊಂಡು ಬೇಗ ದುಡ್ಡು ಕೊಡುತ್ತವೆ. ಕಂಪನಿ ಆಮೇಲೆ ಬ್ಯಾಂಕಿಗೆ ಕಟ್ಟದಿದ್ದರೂ ಬ್ಯಾಂಕು ನಿಮ್ಮ ಕುತ್ತಿಗೆ ಹಿಡಿಯುವ ಹಾಗಿಲ್ಲ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಇದರಲ್ಲಿ ಸೇರಲೇಬೇಕು ಅಂತ 2024ರ ನವೆಂಬರ್‌ನಲ್ಲಿ ಆದೇಶವಾಯಿತು. ಆದರೆ ಸೇರುವುದು ಬೇರೆ, ನಿಮ್ಮ ಬಿಲ್ಲಿಗೆ ಅಲ್ಲಿ ಒಪ್ಪಿಗೆ ಒತ್ತುವುದು ಬೇರೆ. ಅದನ್ನು ಮಾಡಿಸುವುದು ಮತ್ತೆ ನಿಮ್ಮ ಮಾತಿನ ತೂಕ.

ದೂರಿನ ಭಯದ ಬಗ್ಗೆ ನೀವು ಬರೆದದ್ದು ನನ್ನ ಮನಸ್ಸಿಗೆ ತಾಗಿತು. ಇಂಥ ಬಾಕಿಗಾಗಿ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಅದು ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿಕೆ. 90 ದಿನದಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ, ನಿಜವಾಗಿ ಇನ್ನೂ ಬಹಳ ಎಳೆಯುತ್ತದೆ. ಆದೇಶ ಬಂದ ಮೇಲೆ ಅದಕ್ಕೆ ಹಲ್ಲಿದೆ. ಅದನ್ನು ರದ್ದು ಮಾಡಿಸಲು ಕಂಪನಿ ಕೋರ್ಟಿಗೆ ಹೋಗಬೇಕಾದರೆ ಆದೇಶದ ಮೊತ್ತದ 75% ಮೊದಲೇ ಕಟ್ಟಬೇಕು. ಆದರೆ ದೂರಿನ ಮೇಲೆ ನಿಮ್ಮ ಹೆಸರಿರುತ್ತದೆ, ಮರುದಿನ ಆ ಕಾಗದ ಪರ್ಚೇಸ್‌ನವರ ಮೇಜಿನ ಮೇಲಿರುತ್ತದೆ. ಬ್ರಿಟನ್ನಿನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಮೇಲೆ ನಿಗಾ ಇಡಲು 2013ರಲ್ಲಿ ಒಬ್ಬ ತೀರ್ಪುಗಾರರನ್ನು ನೇಮಿಸಿದಾಗ ಈ ಭಯವನ್ನೇ ಮೊದಲು ಗಣನೆಗೆ ತೆಗೆದುಕೊಂಡರು. ಮಾಹಿತಿ ಕೊಟ್ಟ ಪೂರೈಕೆದಾರರ ಗುರುತು ಹೊರಬೀಳುವುದಿಲ್ಲ. ಟೆಸ್ಕೊ ಪೂರೈಕೆದಾರರ ದುಡ್ಡನ್ನು ತಡಮಾಡಿ ನಿಯಮ ಮುರಿದಿದೆ ಅಂತ 2016ರಲ್ಲಿ ಅವರ ತನಿಖೆ ಹೇಳಿತು. ಇಂಥ ಗುಟ್ಟಿನ ದಾರಿ ನಮ್ಮ ಯಂತ್ರಭಾಗದವರಿಗೂ ಬರಬೇಕು. ಸಣ್ಣ ಕೈಗಾರಿಕೆಗಳ ರಾಜ್ಯ ಸಂಘ ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘದಂಥವು ಇದನ್ನು ಗಟ್ಟಿಯಾಗಿ ಕೇಳಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ನನ್ನ ಸಲಹೆ ಇಷ್ಟು. ಓಡುತ್ತಿರುವ ಸಂಬಂಧದಲ್ಲಿ ದೂರು ಕೊನೆಯ ಮೆಟ್ಟಿಲು. ಆ ಗಿರಾಕಿ ಹೋದರೂ ಶಾಪ್ ನಡೆಯುತ್ತದೆ ಅನ್ನುವ ದಿನ ಬಂದ ಮೇಲೆ ಕೊಡಿ. ಆದರೆ ಬಾಕಿ ಮೂರು ವರ್ಷ ಹಳೆಯದಾಗಲು ಮಾತ್ರ ಬಿಡಬೇಡಿ.

ಹಾಗಾದರೆ ಆ ಐದು ಪರ್ಸೆಂಟಿಗೆ ಏನು ಹೇಳುವುದು? ಮೇಲ್‌ನಲ್ಲಿ ಆಗುವುದಿಲ್ಲ ಅಂತ ಬರೆಯಬೇಡಿ. ಆಗಲಿ ಅಂತಲೂ ಬರೆಯಬೇಡಿ. ಪಾರ್ಟ್ ನಂಬರ್ ಪ್ರಕಾರ ಕೂತು ಮಾತಾಡೋಣ ಅಂತ ಬರೆಯಿರಿ. ಎಲ್ಲದಕ್ಕೂ ಒಟ್ಟಾಗಿ 5% ಅಂದಾಗ ನಿಮ್ಮ ವಾಲ್ವ್ ಬಾಡಿಯೂ ಬುಷ್‌ನ ಬೆಲೆಗೆ ಬಂದುಬಿಡುತ್ತದೆ. ಪರ್ಚೇಸ್‌ನವರು ಒಟ್ಟು ಲೆಕ್ಕ ಇಷ್ಟಪಡುವುದು ಅದಕ್ಕೇ. ಬಿಡಿಬಿಡಿಯಾಗಿ ಮಾತಾಡಿದರೆ ಬುಷ್‌ಗಳಲ್ಲಿ ಎರಡು ಪರ್ಸೆಂಟ್ ಬಿಡಬಹುದು. ವಾಲ್ವ್ ಬಾಡಿಯಲ್ಲಿ ಒಂದು ಭಾಗಕ್ಕೆ ಹಿಡಿಯುವ ಸಮಯ (ಸೈಕಲ್ ಟೈಮ್), ಕತ್ತರಿಸುವ ಇನ್ಸರ್ಟ್‌ನ ಖರ್ಚು, ಮೆಷಿನ್ ಗಂಟೆಯ ದರ ಬಿಡಿಸಿ ಇಟ್ಟು, ಇದಕ್ಕಿಂತ ಕೆಳಗೆ ಹೋದರೆ ಈ ಭಾಗ ನಾನು ಮಾಡಲಾರೆ ಅಂತ ಮೃದುವಾಗಿ ಹೇಳಬಹುದು. ಆ ಮೀಟಿಂಗಿಗೆ ಅವರ ಕ್ವಾಲಿಟಿ ಅಥವಾ ಪ್ರೊಡಕ್ಷನ್‌ನ ಒಬ್ಬ ಎಂಜಿನಿಯರ್ ಬರುವ ಹಾಗೆ ನೋಡಿಕೊಳ್ಳಿ. ಆರು ತಿಂಗಳಲ್ಲಿ ನಿಮ್ಮಿಂದ ಎಷ್ಟು ರಿಜೆಕ್ಷನ್ ಬಂತು ಅಂತ ಅವರಿಗೆ ಗೊತ್ತಿರುತ್ತದೆ. ಪರ್ಚೇಸ್‌ನವರಿಗೆ ದರ ಮಾತ್ರ ಕಾಣುತ್ತದೆ. ಆ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದೇನೆ, ವೆಂಡರ್ ಬದಲಿಸಬೇಡಿ ಅಂತ ಎಂಜಿನಿಯರ್ ಒಂದು ಮಾತು ಅಂದರೆ ನನ್ನ ಅರ್ಧ ಬಲ ಅಲ್ಲೇ ಹೋಗುತ್ತಿತ್ತು.

ಏನನ್ನಾದರೂ ಬಿಟ್ಟುಕೊಡುವಾಗ ಏನನ್ನಾದರೂ ತೆಗೆದುಕೊಳ್ಳಿ. ಎರಡು ಪರ್ಸೆಂಟ್ ಕೊಟ್ಟರೆ 45 ದಿನದ ಪಾವತಿ ಬರವಣಿಗೆಯಲ್ಲಿ ಬೇಕು. ಅಥವಾ ಟ್ರೆಡ್ಸ್‌ನಲ್ಲಿ ಒಪ್ಪಿಗೆ ಬೇಕು. ಅಥವಾ ಮೂರು ತಿಂಗಳ ಶೆಡ್ಯೂಲ್ ಮೊದಲೇ ಬೇಕು, ಅದರಲ್ಲಿ ಮೊದಲ ತಿಂಗಳದ್ದನ್ನು ರದ್ದು ಮಾಡಬಾರದು. ಇವು ಅವರಿಗೆ ದರಕ್ಕಿಂತ ಸುಲಭ, ನಿಮಗೆ ದರಕ್ಕಿಂತ ಬೆಲೆಯುಳ್ಳವು.

ಒಂದು ಬಲೆಯ ಬಗ್ಗೆ ಎಚ್ಚರ ಹೇಳಬೇಕು. ಇಂಥ ಮೀಟಿಂಗಿನ ಕೊನೆಯಲ್ಲಿ, ದರ ಇಳಿಸಿ, ಬದಲಿಗೆ ವಾಲ್ಯೂಮ್ ಡಬಲ್ ಮಾಡುತ್ತೇವೆ, ನೀವೊಂದು ಎಸ್‌ಪಿಎಂ ಹಾಕಿ ಅನ್ನುವ ಮಾತು ಬರುತ್ತದೆ. ಕೇಳಲು ಹಿತವಾಗಿರುತ್ತದೆ. ಎಸ್‌ಪಿಎಂ ಅಂದರೆ ಆ ಒಂದು ಭಾಗಕ್ಕೇ ಕಟ್ಟಿದ ಮೆಷಿನ್. ಬೇರೆ ಗಿರಾಕಿಗೆ ಅದು ಕಬ್ಬಿಣದ ತೂಕಕ್ಕೆ ಸಮ. ಅದು ನಿಮ್ಮ ಶೆಡ್ಡಿನಲ್ಲಿ ಕೂತ ದಿನದಿಂದ ಕಡಿದ ಕಬ್ಬಿನ ಗಾಡಿ ನಿಮ್ಮದಾಗುತ್ತದೆ. ಇಎಂಐ ಪ್ರತಿ ತಿಂಗಳು ಬರುತ್ತದೆ, ಮುಂದಿನ ವರ್ಷ ಇನ್ನೊಂದು 5% ಕೇಳಿದರೆ ಇಲ್ಲ ಅನ್ನಲು ಆಗುವುದಿಲ್ಲ. ಹಾಕಲೇಬೇಕಾದರೆ ಅದಕ್ಕೆ ಅಂತ ಅವರಿಂದ ಮುಂಗಡ (ಟೂಲಿಂಗ್ ಅಡ್ವಾನ್ಸ್) ತೆಗೆದುಕೊಳ್ಳಿ. ಇಲ್ಲವೇ ಕನಿಷ್ಠ ಇಷ್ಟು ಸಂಖ್ಯೆ ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ಮೆಷಿನ್ನಿನ ಉಳಿದ ಬೆಲೆ ಕಟ್ಟುತ್ತೇವೆ ಅಂತ ಬರೆಸಿಕೊಳ್ಳಿ. ದೊಡ್ಡ ಖರೀದಿದಾರರು ಇಂಥದ್ದಕ್ಕೆ ಒಪ್ಪುವುದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಚಿಪ್ ಅಚ್ಚು ಹಾಕುವ ಯಂತ್ರ ಮಾಡುವ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಗೆ ಅದರ ಗಿರಾಕಿಗಳಾದ ಇಂಟೆಲ್, ಟಿಎಸ್‌ಎಂಸಿ, ಸ್ಯಾಮ್‌ಸಂಗ್ 2012ರಲ್ಲಿ ತಾವೇ ದುಡ್ಡು ಹಾಕಿದವು. ಆ ಯಂತ್ರ ತಯಾರಾಗುವುದು ಅವರಿಗೆ ಅಷ್ಟು ಬೇಕಾಗಿತ್ತು. ನಿಮ್ಮ ಭಾಗ ಅವರಿಗೆ ನಿಜವಾಗಿ ಬೇಕಿದ್ದರೆ ಅಪಾಯದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳದಿದ್ದರೆ ನಿಮ್ಮ ಭಾಗದ ಬಗ್ಗೆ ಅವರಿಗೆ ಏನನ್ನಿಸುತ್ತದೆ ಅಂತ ನಿಮಗೆ ಪುಕ್ಕಟೆ ಗೊತ್ತಾಯಿತು.

80% ಕರಗಿಸಲು ಎರಡು ವರ್ಷವಾದರೂ ಬೇಕು. ಈ ಗಿರಾಕಿಯನ್ನು ಕಡಿಮೆ ಮಾಡಬೇಡಿ, ಬೇರೆಯವರನ್ನು ಸೇರಿಸಿ. ಯಾರೊಬ್ಬರೂ 40% ದಾಟಬಾರದು ಅನ್ನುವುದು ನಾನು ಎಲ್ಲರಿಗೂ ಹೇಳುವ ಗುರಿ. ಐದು ಮೆಷಿನ್‌ಗಳಲ್ಲಿ ಒಂದು ವಿಎಂಸಿಯ ಒಂದು ಶಿಫ್ಟ್ ಹೊಸ ಗಿರಾಕಿಯ ಸ್ಯಾಂಪಲ್‌ಗೆ ಅಂತ ಮೀಸಲಿಡಿ. ಅದು ಆರು ತಿಂಗಳು ನಷ್ಟ ಅನ್ನಿಸುತ್ತದೆ. ಹೊಸಬರನ್ನು ಹುಡುಕುವಾಗ ಬೇರೆ ಉದ್ಯಮದವರನ್ನು ಹುಡುಕಿ. ಹೈಡ್ರಾಲಿಕ್ ಬಿದ್ದಾಗ ಇನ್ನೊಂದು ಹೈಡ್ರಾಲಿಕ್ ಗಿರಾಕಿಯೂ ಬೀಳುತ್ತಾನೆ. ಅಡ್ಡ ತೂತು, ಒಳಗಿನ ಬರ್ ತೆಗೆಯುವ ಡಿಬರಿಂಗ್, ಸೋರಿಕೆ ಪರೀಕ್ಷೆ, ಈ ವಿದ್ಯೆ ಪ್ಯಾಕೇಜಿಂಗ್ ಯಂತ್ರದವರಿಗೂ, ವೈದ್ಯಕೀಯ ಉಪಕರಣದವರಿಗೂ ಬೇಕು. ಫಿಕ್ಚರ್‌ಗಳನ್ನು ಸಾಧ್ಯವಾದಷ್ಟು ನಿಮ್ಮ ದುಡ್ಡಿನಲ್ಲೇ ಮಾಡಿಸಿ, ನಿಮ್ಮ ಹೆಸರಿನಲ್ಲೇ ಇಡಿ. ಅವರ ಫಿಕ್ಚರ್ ಆದರೆ ಒಂದು ಗಾಡಿ ಕಳಿಸಿ ಮಧ್ಯಾಹ್ನದೊಳಗೆ ತೆಗೆದುಕೊಂಡು ಹೋಗುತ್ತಾರೆ.

ಇದರ ಮಧ್ಯೆ ನಿಮ್ಮನ್ನೂ ಒಂದು ಕೇಳಬೇಕು. ನಿಮ್ಮ ಹೀಟ್ ಟ್ರೀಟ್‌ಮೆಂಟ್‌ನವರಿಗೆ, ಪ್ಲೇಟಿಂಗ್‌ನವರಿಗೆ ಎಷ್ಟು ದಿನಕ್ಕೆ ದುಡ್ಡು ಕೊಡುತ್ತೀರಿ? 90 ದಿನದ ಭಾರ ನಿಮ್ಮ ಮೇಲೆ ಬಿದ್ದಾಗ ಅದು ಅವರ ಮೇಲೆ 120 ಆಗಿ ಇಳಿಯುತ್ತದೆ, ಅಲ್ಲಿಂದ ಅವರ ಕೆಲಸಗಾರರ ಸಂಬಳಕ್ಕೆ ಇಳಿಯುತ್ತದೆ. ಬಾಂಗ್ಲಾದೇಶದ ಢಾಕಾ ಹತ್ತಿರ 2013ರ ಏಪ್ರಿಲ್ 24ರಂದು ಗಾರ್ಮೆಂಟ್ಸ್ ಇದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಆರ್ಡರ್ ಮುಗಿಸುವ ಒತ್ತಡದಲ್ಲಿದ್ದ ಗಾರ್ಮೆಂಟ್ಸ್‌ನವರು ಕೆಲಸಗಾರರನ್ನು ಒಳಗೆ ಕಳಿಸಿದರು. ಮೇಲಿನ ಒತ್ತಡ ಕೆಳಗೆ ಇಳಿಯುತ್ತಾ ಕೊನೆಗೆ ಯಾರ ಮೇಲೆ ಕೂರುತ್ತದೆ ಅಂತ ಮರೆಯಬಾರದು. ನಿಮ್ಮ ಹನ್ನೊಂದು ಜನರಲ್ಲಿ ಡಿಬರಿಂಗ್ ಚೆನ್ನಾಗಿ ಮಾಡುವವರು ಒಬ್ಬಿಬ್ಬರಿರುತ್ತಾರೆ. ನೀವು ಹೇಳಿಕೊಳ್ಳುವ ಆ ಎರಡು ತಿಂಗಳ ಬಲ ಅವರ ಬೆರಳಿನಲ್ಲಿದೆ. ಅವರನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ.

ಮೊದಲು ಆ ಹಾಳೆ ಬರೆಯಿರಿ. ಪಾರ್ಟ್ ನಂಬರ್, ಅವರಿಗೆ ಬೇಕಾಗುವ ದಿನ, ನಿಮಗೆ ಬೇಕಾಗುವ ದಿನ. ಕಂಪನಿಯ ಹೆಸರು ಬೇಡ, ಡ್ರಾಯಿಂಗ್ ಬೇಡ. ನನಗೆ ಕಳಿಸಿ. ಯಾವ ಭಾಗದಲ್ಲಿ ಬಿಡಬಹುದು, ಯಾವುದರಲ್ಲಿ ನಿಲ್ಲಬೇಕು ಅಂತ ಮೀಟಿಂಗಿಗೆ ಮೊದಲು ಒಂದೊಂದಾಗಿ ಗುರುತು ಹಾಕಿಕೊಡುತ್ತೇನೆ.